ತಾಳೆ

2025 ಜನವರಿ 6, ಸೋಮವಾರ. ವಿಜಯನಗರ

ಇವತ್ತಿನಿಂದ ಈ ರೀಡಿಂಗ್ ರೂಮಿನಲ್ಲಿ ನನಗೊಂದು ಜಾಗ. ಮೊದಲ ಮಹಡಿ, ಕಿಟಕಿಯಿಂದ ಎರಡನೇ ಸೀಟು. ಮೂರು ಕಡೆ ಪ್ಲೈವುಡ್ಡು, ಒಂದು ಲೈಟು, ಒಂದು ಪ್ಲಗ್ಗು. ತಿಂಗಳಿಗೆ 1,500 ರೂಪಾಯಿ. ಬೆಳಿಗ್ಗೆ ಆರಕ್ಕೆ ಬಾಗಿಲು ತೆಗೆದರೆ ರಾತ್ರಿ ಹನ್ನೊಂದರವರೆಗೆ ಕೂರಬಹುದು. ಸುತ್ತ ಇರುವವರಲ್ಲಿ ಹೆಚ್ಚಿನವರು ಕೆಎಎಸ್, ಪಿಎಸ್ಐ ಪರೀಕ್ಷೆಗೆ ಓದುವವರು. ಸಿಎ ಫೈನಲ್‌ನವರು ಇನ್ನೂ ಮೂವರಿದ್ದಾರೆ ಅಂತ ಓನರ್ ಆಂಟಿ ಹೇಳಿದರು.

ನವೆಂಬರ್ ಅಟೆಂಪ್ಟಿನ ಅಂಕಗಳನ್ನು ಒಮ್ಮೆ ಇಲ್ಲಿ ಬರೆದುಬಿಡುತ್ತೇನೆ, ಆಮೇಲೆ ಅದನ್ನೇ ನೆನೆಯುತ್ತ ಕೂರುವುದು ಬೇಡ. ಡೈರೆಕ್ಟ್ ಟ್ಯಾಕ್ಸ್ 38. ಇನ್‌ಡೈರೆಕ್ಟ್ ಟ್ಯಾಕ್ಸ್ 57. ಆರನೇ ಪೇಪರ್ 58. ಒಟ್ಟು 153. ಗ್ರೂಪಿಗೆ ಬೇಕಾದದ್ದು 150. ಒಟ್ಟು ಮೊತ್ತದಲ್ಲಿ ಮೂರು ಹೆಚ್ಚೇ ಬಂದಿದೆ, ಆದರೂ ಫೇಲು. ಒಂದೊಂದು ಪೇಪರಿನಲ್ಲೂ 40 ಬರಲೇಬೇಕು. ಇನ್‌ಡೈರೆಕ್ಟ್ ಟ್ಯಾಕ್ಸ್ ಪೇಪರಿನಲ್ಲಿ ಇನ್ನು ಮೂರು ಬಂದು 60 ಆಗಿದ್ದರೆ ಎಕ್ಸೆಂಪ್ಷನ್ ಸಿಕ್ಕು ಅದನ್ನು ಮತ್ತೆ ಬರೆಯುವ ಕೆಲಸ ತಪ್ಪುತ್ತಿತ್ತು. ಅದೂ ಇಲ್ಲ. ಮೊದಲ ಗ್ರೂಪು ಹೋದ ವರ್ಷವೇ ಆಗಿದೆ ಅನ್ನುವುದೊಂದೇ ಆಧಾರ.

ಫಲಿತಾಂಶದ ದಿನ ಅಪ್ಪ ಫೋನಿನಲ್ಲಿ ಕೇಳಿದ್ದು ಒಂದೇ ಮಾತು: "ಯಾವ ಬಾಬ್ತಿನಲ್ಲಿ ಕಡಿಮೆ ಬಿತ್ತವ್ವ?" ಬೈದಿದ್ದರೆ ಅಳು ಬರುತ್ತಿರಲಿಲ್ಲ.

ಆರ್ಟಿಕಲ್‌ಶಿಪ್ ಮುಗಿದಿದೆ. ಹೋದ ವರ್ಷ ಸೆಪ್ಟೆಂಬರ್ ಪೂರ್ತಿ ಟ್ಯಾಕ್ಸ್ ಆಡಿಟ್ ಅಂತ ರಾತ್ರಿ ಹತ್ತರವರೆಗೆ ಕೂರಿಸಿಕೊಂಡರು, ಪರೀಕ್ಷೆಗೆಂದು ಕೇಳಿದ ರಜೆಯಲ್ಲಿ ಅರ್ಧ ಕಡಿದರು. ಆ ಸಿಟ್ಟು ಇನ್ನೂ ಇದೆ. ಆದರೆ 38ಕ್ಕೆ ಅದೊಂದೇ ಕಾರಣ ಅಂತ ಬರೆದರೆ ಸುಳ್ಳು ಬರೆದಂತೆ.

ಜನವರಿ 19, ಭಾನುವಾರ

ಉಳಿದ ಮೂವರ ಪರಿಚಯವಾಯಿತು. ಇಲ್ಲಿ ಯಾರೂ ಹೆಸರು ಹಿಡಿದು ಕರೆಯುವುದಿಲ್ಲ, ಊರೇ ಹೆಸರು. ಕುಂದಾಪುರದವಳು ಎರಡೂ ಗ್ರೂಪು ಒಟ್ಟಿಗೆ ಬರೆಯುತ್ತಾಳೆ. ಸಿಂಧನೂರಿನ ಹುಡುಗನದೂ ಎರಡೂ ಗ್ರೂಪು. ಮನೆಯಲ್ಲಿ ಭತ್ತದ ಗದ್ದೆ, ಕಾಲುವೆಯ ಕೊನೆಭಾಗ, ನೀರು ಬಂದ ವರ್ಷ ಮಾತ್ರ ಎರಡು ಬೆಳೆ. ಇನ್ನೊಬ್ಬರು ಅಕ್ಕ. ಮದುವೆ, ಮಗು ಅಂತ ಏಳು ವರ್ಷ ಬಿಟ್ಟಿದ್ದನ್ನು ಮತ್ತೆ ಹಿಡಿದಿದ್ದಾರೆ. ಮೊದಲ ಗ್ರೂಪು ಬಾಕಿ. ಮಗಳನ್ನು ಸ್ಕೂಲಿಗೆ ಬಿಟ್ಟು ಒಂಬತ್ತೂವರೆಗೆ ಬಂದರೆ ಮೂರಕ್ಕೆ ಎದ್ದು ಹೊರಡಬೇಕು. ನಾನು ತಿಪಟೂರು.

ಒಳಗೆ ಪಿಸುಮಾತಿಗೂ ಅವಕಾಶವಿಲ್ಲ. ಮಾತಾಡಬೇಕೆಂದರೆ ತಾರಸಿಗೆ ಹೋಗಬೇಕು. ನೀರಿನ ಟ್ಯಾಂಕಿನ ನೆರಳಿನಲ್ಲಿ ಒಂದು ಹಳೇ ಬೆಂಚಿದೆ. ಮಧ್ಯಾಹ್ನ ಡಬ್ಬಿ ತೆಗೆದಾಗ ಅಕ್ಕ ಆದಾಯ ತೋರಿಸುವ ನಿಯಮ, ಇಂಡ್ ಎಎಸ್ 115, ತಲೆಗೆ ಹತ್ತುತ್ತಿಲ್ಲ ಅಂದರು. ಕುಂದಾಪುರ ಅನ್ನ ಕಲಸುತ್ತಲೇ ಶುರು ಮಾಡಿದಳು. "ಎಂತ ಇಲ್ಲ ಅಕ್ಕ. ಮದ್ವೆಗೆ ಛತ್ರದವ್ರು ಹಾಲ್, ಊಟ, ಹೂವಿನ ಅಲಂಕಾರ ಎಲ್ಲ ಸೇರ್ಸಿ ಒಂದೇ ರೇಟ್ ಹೇಳ್ತ್ರಲ್ದಾ? ಊಟ ಬೇರೆಯವ್ರ ಹತ್ರ ಮಾಡ್ಸುಕೂ ಆತ್ತ್, ಹೂ ಬೇರೆಯವ್ರ ಹತ್ರ ಹಾಕ್ಸುಕೂ ಆತ್ತ್. ಹಾಂಗಾರೆ ಅದು ಮೂರು ಬೇರೆ ಬೇರೆ ಕೆಲ್ಸ. ಒಂದೇ ರೇಟನ್ನ ಮೂರಕ್ಕೂ ಹಂಚ್ಕ್. ಹೇಂಗ್ ಹಂಚುದು? ಬಿಡಿಬಿಡಿಯಾಯಿ ಕೊಟ್ರೆ ಎಷ್ಟ್ ತಕಂತಿದ್ರ್, ಆ ಲೆಕ್ಕದಲ್ಲಿ." ಅಕ್ಕ ತುತ್ತು ಕೈಯಲ್ಲೇ ಹಿಡಿದು ಕೇಳಿದರು. ಆಮೇಲೆ ಅದನ್ನೇ ತಮ್ಮ ಮಾತಿನಲ್ಲಿ ತಿರುಗಿ ಹೇಳಿದರು. ಆದಾಯವನ್ನು ಯಾವಾಗ ತೋರಿಸಬೇಕು ಅನ್ನುವ ಕಡೆ ತಪ್ಪಿತು. ಸಿಂಧನೂರು ತಿದ್ದಿದ: ಹೂವಿನದು ಮುಹೂರ್ತದ ದಿನ, ಅಡ್ವಾನ್ಸ್ ಬಂದ ದಿನ ಅಲ್ಲ.

ದಿನಾ ಮಧ್ಯಾಹ್ನ ಮುಕ್ಕಾಲು ಗಂಟೆ ಹೀಗೇ ಕೂರೋಣ ಅಂತ ಮಾತಾಯಿತು. ಒಬ್ಬರು ಹೇಳುವುದು, ಉಳಿದವರು ಪುಸ್ತಕ ತೆರೆದುಕೊಂಡು ಹಿಡಿಯುವುದು.

ಫೆಬ್ರವರಿ 2, ಭಾನುವಾರ

ನಿನ್ನೆ ಬಜೆಟ್ಟು. ಬೆಳಿಗ್ಗೆಯಿಂದ ಚಿಕ್ಕಪ್ಪ, ಸೋದರತ್ತೆ, ಪಿಜಿಯ ಅಡುಗೆಯವರು ಎಲ್ಲರದೂ ಒಂದೇ ಪ್ರಶ್ನೆ: 12 ಲಕ್ಷದವರೆಗೆ ಟ್ಯಾಕ್ಸ್ ಇಲ್ಲವಂತಲ್ಲ, ಹೌದಾ? ಗೊತ್ತಿದ್ದಷ್ಟು ಹೇಳಿದೆ. ನಮ್ಮ ಪರೀಕ್ಷೆಗೆ ಮಾತ್ರ ಇದು ಬೇಡ. ಮೇ ತಿಂಗಳಿಗೆ ಹಿಂದಿನ ಜುಲೈ ಬಜೆಟ್ಟಿನ ಕಾನೂನೇ ಬೇಕು, ಅದೇ ಸಾಕಷ್ಟು ತೊಡಕಾಗಿದೆ. 2024 ಜುಲೈ 23 ಅನ್ನುವ ಒಂದು ತಾರೀಖು ವರ್ಷವನ್ನು ಸೀಳಿಬಿಟ್ಟಿದೆ. ಶೇರು ಅದಕ್ಕೆ ಮೊದಲು ಮಾರಿದರೆ ಅಲ್ಪಾವಧಿ ಲಾಭಕ್ಕೆ ಶೇ. 15, ಅಂದು ಅಥವಾ ಆಮೇಲೆ ಮಾರಿದರೆ 20. ದೀರ್ಘಾವಧಿಯದು 10 ಇದ್ದದ್ದು 12.5.

ಇವತ್ತು ಹೇಳುವ ಸರದಿ ನನ್ನದು. ಬಂಡವಾಳ ಲಾಭ ನನಗೆ ಚೆನ್ನಾಗಿ ಗೊತ್ತು ಅಂದುಕೊಂಡಿದ್ದೆ, ನವೆಂಬರಿಗೆ ಮೊದಲು ಮೂರು ಸಲ ಓದಿದ ಅಧ್ಯಾಯ. ಸೈಟಿನ ವಿಷಯಕ್ಕೆ ಬಂದೆ. 23ಕ್ಕೆ ಮೊದಲು ಕೊಂಡ ಜಾಗ ಆಮೇಲೆ ಮಾರಿದರೆ, ಇಂಡೆಕ್ಸೇಶನ್ ಬಿಟ್ಟು 12.5 ಅಥವಾ ಇಂಡೆಕ್ಸೇಶನ್ ಹಾಕಿ 20, ಯಾವುದು ಕಡಿಮೆಯೋ ಅದು ಅಂತ ಸರಾಗವಾಗಿ ಹೇಳಿದೆ. ಸಿಂಧನೂರು ಕೇಳಿದ, "ಅಕ್ಕಾರ, ಇದು ಎಲ್ಲಾರಿಗೂ ಐತೇನ್ರಿ? ಕಂಪನಿ ಮಾರಿದ್ರ?" ನಾನು ಹೌದು ಅಂದೆ. ಅವನು ಪುಸ್ತಕ ನೋಡಿ ಸುಮ್ಮನಾದ. ನನಗೆ ಅರ್ಥವಾಯಿತು. ಇಲ್ಲಿ ವಾಸವಾಗಿರುವ ವ್ಯಕ್ತಿಗೆ, ಅವಿಭಕ್ತ ಕುಟುಂಬಕ್ಕೆ ಮಾತ್ರ ಆ ಅವಕಾಶ. ಆ ಸಾಲಿಗೆ ನಾನೇ ಹಳದಿ ಬಳಿದಿದ್ದೇನೆ. ಕಣ್ಣು ನೂರು ಸಲ ಹಾದುಹೋಗಿದೆ, ಒಳಗೆ ಇಳಿದಿಲ್ಲ.

38 ಎಲ್ಲಿಂದ ಬಂತು ಅನ್ನುವುದು ಇವತ್ತು ಬೆಂಚಿನ ಮೇಲೆ ಗೊತ್ತಾಯಿತು. ಪಿಜಿಯ ಕೋಣೆಯಲ್ಲಿ ಒಬ್ಬಳೇ ಓದುವಾಗ ಎಲ್ಲವೂ ಗೊತ್ತಿತ್ತು. ಗೊತ್ತಿಲ್ಲ ಅಂತ ತೋರಿಸಿಕೊಡುವವರು ಯಾರೂ ಇರಲಿಲ್ಲ.

ಫೆಬ್ರವರಿ 14, ಶುಕ್ರವಾರ

ಹೊಸ ಆದಾಯ ತೆರಿಗೆ ಮಸೂದೆ ನಿನ್ನೆ ಲೋಕಸಭೆಗೆ ಬಂತು. 536 ಸೆಕ್ಷನ್ನು, 23 ಅಧ್ಯಾಯ. ನಾವು ಬಾಯಿಪಾಠ ಮಾಡುತ್ತಿರುವ 1961ರ ಕಾಯಿದೆಯ ನಂಬರುಗಳೆಲ್ಲ ಬದಲಾಗುತ್ತವೆ. ಅಕ್ಕನ ಮುಖ ಸಪ್ಪಗಾಯಿತು. ಅವರು ಮೊದಲು ಓದುವಾಗ ಜಿಎಸ್‌ಟಿಯೇ ಇರಲಿಲ್ಲ, ವ್ಯಾಟ್ ಕಲಿತಿದ್ದರಂತೆ. ಬಿಟ್ಟು ಬಂದಷ್ಟೂ ದಡ ಮುಂದೆ ಮುಂದೆ ಹೋಗುತ್ತದೆ ಅಂದರು.

ಮಾರ್ಚ್ 9, ಭಾನುವಾರ. ತಿಪಟೂರು

ಎರಡು ದಿನಕ್ಕೆಂದು ಊರಿಗೆ ಬಂದೆ. ಪುಸ್ತಕ ತಂದಿದ್ದೇನೆ, ತೆರೆದಿಲ್ಲ.

ನಿನ್ನೆ ಅಪ್ಪನಿಗೆ ಊಟ ತೆಗೆದುಕೊಂಡು ಮಂಡಿಗೆ ಹೋದೆ. ಒಳಗೆ ಹೆಜ್ಜೆ ಇಟ್ಟರೆ ಅದೇ ವಾಸನೆ, ಕೊಬ್ಬರಿಯದು, ಹೊಸ ಗೋಣಿಚೀಲದ್ದು. ಮೂಲೆಯಲ್ಲಿ ಉಂಡೆ ಕೊಬ್ಬರಿಯ ರಾಶಿ. ಅಪ್ಪ ಇಲ್ಲಿ 31 ವರ್ಷದಿಂದ ಗುಮಾಸ್ತರು. ಎಸ್ಸೆಸ್ಸೆಲ್ಸಿ ಓದಿದವರು. ಡೆಬಿಟ್, ಕ್ರೆಡಿಟ್ ಅನ್ನುವ ಮಾತು ಕಾಲೇಜಿನಲ್ಲಿ ನನ್ನ ಕಿವಿಗೆ ಬೀಳುವುದಕ್ಕೆ ಎಷ್ಟೋ ವರ್ಷ ಮೊದಲೇ ಜಮಾ, ಖರ್ಚು, ಶಿಲ್ಕು ಅನ್ನುವುದನ್ನು ಅವರ ತೊಡೆಯ ಮೇಲೆ ಕೂತು ಕೇಳಿದ್ದೇನೆ.

ಊಟ ಮಾಡುತ್ತ ಕೇಳಿದರು: "ತೆಂಗಿನಕಾಯಿಗೆ ಜಿಎಸ್‌ಟಿ ಇಲ್ಲ, ಅದೇ ಕಾಯಿ ಒಣಗಿ ಕೊಬ್ಬರಿ ಆದ್ರೆ 5 ಪರ್ಸೆಂಟು. ಯಾಕವ್ವ ಹಂಗೆ? ಎಂಟು ವರ್ಷದಿಂದ ಕಟ್ತಾ ಇದೀವಿ, ಯಾರೂ ಬಿಡಿಸಿ ಹೇಳ್ಲಿಲ್ಲ." ಕಾಯಿ ಇರುವ ಪಟ್ಟಿಯೇ ಬೇರೆ, 0801, ಕೊಬ್ಬರಿ 1203, ಎಣ್ಣೆಕಾಳುಗಳ ಸಾಲಿನದು, ಕೊಬ್ಬರಿಯನ್ನು ಎಣ್ಣೆ ತೆಗೆಯುವ ಸರಕು ಅಂತ ನೋಡುತ್ತಾರೆ ಅಂದೆ. ಅಪ್ಪ ಸ್ವಲ್ಪ ಹೊತ್ತು ಯೋಚಿಸಿ, "ನಮ್ಮ ಉಂಡೆ ಕೊಬ್ಬರಿನ ಜನ ತಿಂತಾರಲ್ಲವ್ವ, ಗಾಣಕ್ಕೆ ಹಾಕಲ್ಲವಲ್ಲ" ಅಂದರು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ವಾದ ಅಂದರೆ ಇದು. ಪಟ್ಟಿ ಏನು ಹೇಳುತ್ತದೆ ಅನ್ನುವುದನ್ನು ನಾನು ಕಲಿತಿದ್ದೇನೆ, ಪಟ್ಟಿಗೆ ಕೇಳಬೇಕಾದ ಪ್ರಶ್ನೆ ಅವರಿಗೆ ಹೊಳೆಯಿತು.

ಮೂರು ಗಂಟೆಗೆ ತಾಳೆ ನೋಡಲು ಕೂತರು. ಇದನ್ನು ಚಿಕ್ಕಂದಿನಿಂದ ನೋಡುತ್ತ ಬಂದಿದ್ದೇನೆ. ಎದುರಿಗೆ ಇನ್ನೊಬ್ಬ ಗುಮಾಸ್ತರು. ಅಪ್ಪ ಕಿರ್ದಿ ಹಿಡಿದು ಕೂಗುತ್ತಾರೆ: ಹೆಸರು, ಚೀಲ, ತೂಕ, ದರ, ಮೊತ್ತ. ಅವರು ಖಾತೆ ಪುಸ್ತಕದಲ್ಲಿ ಹುಡುಕಿ "ಹೂಂ" ಅಂದು ಕೆಂಪು ಪೆನ್ಸಿಲಿನಲ್ಲಿ ಗೀಟು ಎಳೆಯುತ್ತಾರೆ. "ಹೂಂ" ಬರದಿದ್ದರೆ ಅಪ್ಪ ನಿಲ್ಲುತ್ತಾರೆ. ಬರೆದವರು ಅಪ್ಪನೇ ಆದ್ದರಿಂದ ಹಿಡಿಯುವವರು ಬೇರೆಯವರೇ ಆಗಬೇಕು. ಟ್ಯಾಲಿ ಮಂಡಿಗೆ ಬಂದು ಹತ್ತು ವರ್ಷದ ಮೇಲಾಯಿತು. 1986ರಲ್ಲಿ ನಮ್ಮ ಬೆಂಗಳೂರಿನಲ್ಲೇ ಹುಟ್ಟಿದ ಆ ಸಾಫ್ಟ್‌ವೇರು ಈಗ ಕಿರಾಣಿ ಅಂಗಡಿಯಲ್ಲೂ ಇದೆ. ಕಂಪ್ಯೂಟರು ಕೂಡುವುದರಲ್ಲಿ ತಪ್ಪುವುದಿಲ್ಲ. ಆದರೆ ಒಬ್ಬ ರೈತರ ಚೀಟಿ ಇನ್ನೊಬ್ಬರ ಹೆಸರಿಗೆ ಏರಿದ್ದರೆ ಅದಕ್ಕೆ ಗೊತ್ತಾಗುವುದಿಲ್ಲ. ಅದಕ್ಕೇ ಟ್ಯಾಲಿ ಬಂದ ಮೇಲೂ ತಾಳೆ ಬಿಟ್ಟಿಲ್ಲ.

ಅಪ್ಪ ಕೂಗುವುದನ್ನು ಕೇಳುತ್ತ ತಾರಸಿಯ ಬೆಂಚು ನೆನಪಾಯಿತು. ಹೇಳಿದೆ. "ಮತ್ತೆ? ತನ್ನ ತಪ್ಪು ತನಗೆ ಕಾಣಲ್ಲ ಕಣವ್ವ, ಅದೂ ತನ್ನ ಅಕ್ಷರದಲ್ಲೇ ಇರ್ತದಲ್ಲ" ಅಂದರು.

ಮಾರ್ಚ್ 30, ಭಾನುವಾರ. ಯುಗಾದಿ

ಹಬ್ಬಕ್ಕೆ ಊರಿಗೆ ಹೋಗಲಿಲ್ಲ. ರೂಮಿನಲ್ಲಿ ಹತ್ತು ಜನ ಇದ್ದೆವೋ ಏನೋ. ಅಕ್ಕ ಮಗಳ ಕೈ ಹಿಡಿದುಕೊಂಡು ಬಂದು ಬೇವು ಬೆಲ್ಲ, ಒಬ್ಬಟ್ಟು ಕೊಟ್ಟರು. ಕೆಎಎಸ್ ಓದುವ ಹುಡುಗರಿಗೂ ಹಂಚಿದರು. ಆ ಪುಟ್ಟಿ ನನ್ನ ಸೀಟಿನಲ್ಲಿ ಕೂತು ಹೈಲೈಟರ್‌ಗಳನ್ನೆಲ್ಲ ಬಣ್ಣದ ಪ್ರಕಾರ ಜೋಡಿಸಿ ಹೋಯಿತು.

ಫೈನಲ್ ಪರೀಕ್ಷೆ ಈ ವರ್ಷದಿಂದ ವರ್ಷಕ್ಕೆ ಮೂರು ಸಲ: ಜನವರಿ, ಮೇ, ಸೆಪ್ಟೆಂಬರ್. ಈ ವಾರ ಬಂದ ಸುದ್ದಿ. ಸಿಂಧನೂರಿಗೆ ಖುಷಿ. ಅಕ್ಕ ಮಾತ್ರ, "ಸಲ ಹೆಚ್ಚಾದರೆ ಮನೆಯವರು ಕೇಳುವುದೂ ಮೂರು ಸಲ ಆಗುತ್ತೆ" ಅಂದರು. ಅವರು ಅದನ್ನು ಹೇಳಿದ ದನಿ ಸಂಜೆಯವರೆಗೂ ಕಿವಿಯಲ್ಲಿತ್ತು.

ಏಪ್ರಿಲ್ 17, ಗುರುವಾರ

ಮಾಕ್ ಟೆಸ್ಟ್, ಡೈರೆಕ್ಟ್ ಟ್ಯಾಕ್ಸ್. ಒಬ್ಬರದನ್ನು ಒಬ್ಬರು ತಿದ್ದಿದೆವು. 51. ಕುಂದಾಪುರ ನನಗೆ ಅರ್ಧ ಅಂಕವನ್ನೂ ಬಿಟ್ಟುಕೊಡಲಿಲ್ಲ: ಸೆಕ್ಷನ್ ಬರೆದಿದ್ದಿ, ತೀರ್ಮಾನ ಬರೆದಿಲ್ಲ ಮಾರಾಯ್ತಿ.

ಮನಸ್ಸಿಗೆ ಬಂದದ್ದು ಒಂದು. ನಮ್ಮ ಪಕ್ಕದ ಸೀಟಿನ ಕೆಎಎಸ್ ಹುಡುಗರು ನೋಟ್ಸು ತೋರಿಸಲು ಹಿಂದೆ ಮುಂದೆ ನೋಡುತ್ತಾರೆ. ಅವರನ್ನು ದೂರುವಂತಿಲ್ಲ, ಇರುವ ಹುದ್ದೆಗಳೇ ಎಣಿಸಿ ಇಟ್ಟಷ್ಟು. ನಮ್ಮದು ಹಾಗಲ್ಲ. 40 ಮತ್ತು 50ರ ಗೆರೆ ದಾಟಿದವರೆಲ್ಲ ಪಾಸು. ಕುಂದಾಪುರದವಳು ಪಾಸಾದರೆ ನನ್ನ ಪಾಲಿನದೇನೂ ಕಡಿಮೆಯಾಗುವುದಿಲ್ಲ. ಇಷ್ಟು ಸರಳವಾದದ್ದು ನವೆಂಬರಿನಲ್ಲಿ ತಿಳಿದಿರಲಿಲ್ಲ. ಎಲ್ಲರಿಂದ ಮುಚ್ಚಿಟ್ಟು ಓದಿದೆ.

ಮೇ 7, ಬುಧವಾರ

ಆ ಮೂವರ ಮೊದಲ ಗ್ರೂಪು ನಿನ್ನೆಗೆ ಮುಗಿಯಿತು. ಅಕ್ಕ ಫೈನಾನ್ಷಿಯಲ್ ರಿಪೋರ್ಟಿಂಗ್ ಬಗ್ಗೆ ಏನೂ ಮಾತಾಡಲಿಲ್ಲ. ನಾಳೆ ನನ್ನ ಮೊದಲ ಪೇಪರು, ಅದೇ ಡೈರೆಕ್ಟ್ ಟ್ಯಾಕ್ಸು. ಬೆಳಿಗ್ಗೆ ಎದ್ದರೆ ಎಲ್ಲರ ಮೊಬೈಲಿನಲ್ಲೂ ಆಪರೇಷನ್ ಸಿಂಧೂರದ ಸುದ್ದಿ. ನಗರದಲ್ಲಿ ಇವತ್ತು ಸೈರನ್ ಮೊಳಗಿಸಿ ಅಣಕು ಕಾರ್ಯಾಚರಣೆಯೂ ಆಯಿತು. ಫೋನು ಆಂಟಿಯ ಹತ್ತಿರ ಕೊಟ್ಟು ಓದಿದೆ.

ಮೇ 9, ಶುಕ್ರವಾರ

ನಿನ್ನೆ ಬರೆದೆ. 1:45ಕ್ಕೆ ಪ್ರಶ್ನೆಪತ್ರಿಕೆ ಕೈಗೆ ಬಂದಾಗ ಹದಿನೈದು ನಿಮಿಷ ಓದುವ ಹೊತ್ತು. ಹೋದ ಸಲ ಆ ಹೊತ್ತಿನಲ್ಲೇ ಕೈ ನಡುಗಿತ್ತು. ಈ ಸಲ ಒಂದೊಂದು ಪ್ರಶ್ನೆ ಓದುವಾಗಲೂ ಬೆಂಚಿನ ಮೇಲೆ ಯಾರು ಯಾವ ಪ್ರಶ್ನೆ ಕೇಳಿದ್ದರು ಅನ್ನುವುದು ನೆನಪಾಗುತ್ತಿತ್ತು. ಪ್ರತಿ ಉತ್ತರದ ಕೊನೆಗೂ ತೀರ್ಮಾನ ಬರೆದೆ. ಹದಿನಾಲ್ಕು ಅಂಕದ ಪ್ರಶ್ನೆ ಅರ್ಧಕ್ಕೆ ನಿಂತಾಗ ಗಂಟೆ ಐದಾಯಿತು.

ಇವತ್ತು ಉಳಿದ ಪೇಪರುಗಳನ್ನು ಮುಂದೂಡಿದ್ದಾರೆ, ದೇಶದ ಪರಿಸ್ಥಿತಿಯ ಕಾರಣಕ್ಕೆ. ನಾಳೆಯ ಇನ್‌ಡೈರೆಕ್ಟ್ ಟ್ಯಾಕ್ಸ್ ಇಲ್ಲ, 13ರ ಆರನೇ ಪೇಪರೂ ಇಲ್ಲ. ತಾರೀಖು ಆಮೇಲೆ. ಓದಿ ತುಂಬಿಕೊಂಡಿದ್ದೆಲ್ಲ ಒಂದೇ ಸಲ ಭಾರವಾಯಿತು. ಸಿಡಿಮಿಡಿಗುಟ್ಟಿದೆ. ಕುಂದಾಪುರ ತನ್ನ ಫೋನು ನನ್ನ ಮುಂದೆ ಹಿಡಿದಳು. ಆನ್‌ಲೈನ್ ಕ್ಲಾಸಿನಲ್ಲಿ ಪರಿಚಯವಾದ ಜಮ್ಮುವಿನ ಹುಡುಗಿ, ಅವಳದೂ ಫೈನಲ್ಲೇ. ರಾತ್ರಿ ಊರಿಗೆ ಊರೇ ಕರೆಂಟು ತೆಗೆದಿದ್ದಾರೆ, ಕಿಟಕಿಗೆ ಕಂಬಳಿ ಕಟ್ಟಿ ಕೂತಿದ್ದೇವೆ ಅಂತ ಬರೆದಿದ್ದಳು. ಇಡೀ ದೇಶಕ್ಕೆ ಒಂದೇ ಪ್ರಶ್ನೆಪತ್ರಿಕೆ, ಒಂದೇ ಹೊತ್ತು. ಅವಳನ್ನು ಬಿಟ್ಟು ನಾವು ಬರೆಯುವಂತಿಲ್ಲ, ಬರೆಯಲೂ ಬಾರದು. ನನ್ನ ಮಾತಿಗೆ ನಾಚಿಕೆಯಾಯಿತು.

ಮೇ 12, ಸೋಮವಾರ

ಹೊಸ ತಾರೀಖು ಬಂದಿದೆ: 16 ಮತ್ತು 18. ಜಮ್ಮುವಿನವಳು ತನ್ನ ಅಕ್ಕನ ಮನೆಗೆ ಹೋಗಿದ್ದಾಳಂತೆ, ಪುಸ್ತಕ ಜೊತೆಗಿದೆಯಂತೆ. ಕುಂದಾಪುರ ಅವಳಿಗೆ ಜಿಎಸ್‌ಟಿ ಚಾರ್ಟುಗಳ ಫೋಟೋ ಕಳಿಸಿದಳು. ಅಕ್ಕ ತಮ್ಮ ಪರೀಕ್ಷೆ ಮುಗಿದರೂ ಮಧ್ಯಾಹ್ನ ಬಂದರು, ನಮಗೆ ಜಿಎಸ್‌ಟಿಯ ಸೆಕ್ಷನ್ 17(5) ಕೇಳಿ ಹಿಡಿಯಲು.

ಮೇ 19, ಸೋಮವಾರ

ಮುಗಿಯಿತು. ನಿನ್ನೆ ಆರನೇ ಪೇಪರು, ನಾಲ್ಕು ಗಂಟೆ, ಪುಸ್ತಕ ನೋಡಿಕೊಂಡು ಬರೆಯಬಹುದು. ಎಲ್ಲರ ಕೈಯಲ್ಲೂ ಪ್ರವಾಸಕ್ಕೆ ಹೊರಟವರಂತೆ ಬ್ಯಾಗು, ಸೂಟ್‌ಕೇಸು. ಪುಸ್ತಕ ಎದುರಿಗಿದ್ದರೂ ಎಲ್ಲಿದೆ ಅಂತ ಗೊತ್ತಿಲ್ಲದವರಿಗೆ ಪುಟ ತಿರುವುವುದರಲ್ಲೇ ಹೊತ್ತು ಕಳೆಯುತ್ತದೆ. ನಾನು ಎರಡೇ ಸಲ ತೆರೆದೆ.

ರಾತ್ರಿಯಿಡೀ ಮಳೆ. ಬೆಳಿಗ್ಗೆ ನೋಡಿದರೆ ಸಿಲ್ಕ್ ಬೋರ್ಡಿನ ಹತ್ತಿರ ರಸ್ತೆಯೇ ಇಲ್ಲ, ಬರೀ ನೀರು. ಸಿಂಧನೂರಿನ ಹುಡುಗ ಊರಿಗೆ ಬಸ್ಸು ಹತ್ತಿದ. ಮಳೆ ನೋಡಿ ಅವನಿಗೆ ಮಾತ್ರ ಸಂತೋಷ.

ಜುಲೈ 6, ಭಾನುವಾರ

ಡೈರೆಕ್ಟ್ ಟ್ಯಾಕ್ಸ್ 54. ಇನ್‌ಡೈರೆಕ್ಟ್ 51. ಆರನೇ ಪೇಪರ್ 61.

ಅಪ್ಪನಿಗೆ ಫೋನು ಮಾಡಿದೆ. ಪಾಸು ಅಂದರೆ ಸಾಲಲಿಲ್ಲ. "ತಾಳು, ಪೆನ್ನು ತಗೋತೀನಿ. ಒಂದೊಂದೇ ಕೂಗು." ಕೂಗಿದೆ. ಒಂದೊಂದಕ್ಕೂ ಅತ್ತಲಿಂದ "ಹೂಂ" ಬಂತು. "ಒಟ್ಟು ನೂರ ಅರವತ್ತಾರು" ಅಂತ ಅವರೇ ಹೇಳಿದರು. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಹಿಂದಿನ ಸಲದ ಮೂವತ್ತೆಂಟು ನನ್ನ ಹತ್ರ ಬರೆದಿಟ್ಟಿದ್ದೆ ಕಣವ್ವ. ಅದಕ್ಕೊಂದು ಗೀಟು ಎಳೀತೀನಿ." ಹಿಂದೆ ಅಮ್ಮ ಅಳುವುದು ಕೇಳಿಸುತ್ತಿತ್ತು.

ಕುಂದಾಪುರದವಳಿಗೆ ಮೊದಲ ಗ್ರೂಪಿನಲ್ಲಿ 141, ಎರಡನೆಯದರಲ್ಲಿ 163. ಎರಡೂ ಸೇರಿ 304, ಆರರಲ್ಲೂ 40ರ ಮೇಲೆ. ಒಟ್ಟಿಗೆ ಬರೆದದ್ದರಿಂದ ಒಂದರ ಕೊರತೆಯನ್ನು ಇನ್ನೊಂದು ತುಂಬಿತು. ಪಾಸು. ಕಿರುಚಿದ ದನಿಗೆ ಕೆಳಗಿನ ಅಂಗಡಿಯವರು ಹೊರಗೆ ಬಂದು ನೋಡಿದರು.

ಅಕ್ಕನಿಗೆ ಫೈನಾನ್ಷಿಯಲ್ ರಿಪೋರ್ಟಿಂಗ್ 36. ಫೈನಾನ್ಷಿಯಲ್ ಮ್ಯಾನೇಜ್‌ಮೆಂಟ್ 63, ಅದಕ್ಕೆ ಎಕ್ಸೆಂಪ್ಷನ್. ಆಡಿಟ್ 51. ಒಟ್ಟು ಸರಿಯಾಗಿ 150. ನನ್ನ ನವೆಂಬರೇ ಅವರ ಜುಲೈ ಆಗಿ ಬಂದಿದೆ. "ಸೆಪ್ಟೆಂಬರಿಗೆ ಎರಡೇ ತಿಂಗಳು ಕಣೇ" ಅಂದರು, ಅಷ್ಟೇ.

ಸಿಂಧನೂರು. ಮೊದಲ ಗ್ರೂಪು 152, ಅದು ಆಯಿತು. ಎರಡನೆಯದು 146. ಯಾವ ಪೇಪರೂ 40ಕ್ಕಿಂತ ಕೆಳಗಿಲ್ಲ. ಕೂಡಿದರೆ 298. ಎರಡು ಅಂಕ. ಕುಂದಾಪುರದವಳನ್ನು ದಾಟಿಸಿದ ನಿಯಮವೇ ಅವನನ್ನು ಎರಡು ಅಂಕಕ್ಕೆ ದಡದಲ್ಲಿ ನಿಲ್ಲಿಸಿತು. ಎರಡನೇ ಗ್ರೂಪು ಬರೆದವರಲ್ಲಿ ಪಾಸಾದವರು ಶೇ. 26.43 ಅಂತ ಸುದ್ದಿಯಲ್ಲಿದೆ. ಆ ಲೆಕ್ಕದಲ್ಲಿ ಅವನು ಎಲ್ಲಿದ್ದಾನೆ ಅಂತ ಗೊತ್ತಾಗುವುದಿಲ್ಲ. ನನ್ನ 23 ಜುಲೈ ತಪ್ಪನ್ನು ಹಿಡಿದು, ಬಾಯಿಬಿಟ್ಟು ಹೇಳದೆ ಸುಮ್ಮನೆ ಕೂತವನು ಅವನು. ಫೋನು ಎತ್ತುತ್ತಿಲ್ಲ.

ಜುಲೈ 9, ಬುಧವಾರ

ಮೂರು ದಿನದಿಂದ ಅವನ ಸುದ್ದಿಯಿಲ್ಲ. ಇವತ್ತು ಆಂಟಿಗೆ ಸೀಟು ಬಿಡುತ್ತೇನೆ ಅಂತ ಹೇಳಲು ಹೋದವಳು ತಿಂಗಳ ಹಣ ಕಟ್ಟಿ ಬಂದೆ. ಕೆಲಸ ಸಿಕ್ಕಿದ ಮೇಲೂ ಸಂಜೆ ಬರಬಹುದು. ಅಕ್ಕನಿಗೂ ಈಗ ಸಂಜೆಯೇ ಅನುಕೂಲ, ಮಗಳನ್ನು ನೋಡಿಕೊಳ್ಳಲು ಅವರ ಅತ್ತೆ ಬಂದಿದ್ದಾರೆ.

ರಾತ್ರಿ ಹತ್ತೂವರೆಗೆ ಅವನ ಮೆಸೇಜು. ಫಲಿತಾಂಶದ ಮಾತೇ ಇಲ್ಲ. "ಅಕ್ಕಾರ, ಅಪ್ಪ ಅವಿಭಕ್ತ ಕುಟುಂಬದ ಯಜಮಾನ, ದುಬೈನಾಗ ಅದಾನ. ಕುಟುಂಬದ ವ್ಯವಹಾರ ಪೂರ್ತಿ ಅಲ್ಲಿಂದನ ನಡೀತದ. ಹಳೇ ಸೈಟು ಈಗ ಮಾರಿದ್ರ 20 ಪರ್ಸೆಂಟಿನ ಅವಕಾಶ ಐತೇನ್ರಿ?"

ಇಲ್ಲ ಅಂತ ಬರೆದೆ. ಆಡಳಿತ ಪೂರ್ತಿ ಹೊರಗಿದ್ದರೆ ಆ ಕುಟುಂಬ ಇಲ್ಲಿಯ ನಿವಾಸಿ ಆಗುವುದಿಲ್ಲ. ಕಳಿಸುವ ಮೊದಲು ಕೈ ನಿಂತಿತು. "ಪೂರ್ತಿ" ಅಂತ ಅವನು ಹಾಕಿದ್ದಾನೆ, ಸುಮ್ಮನೆ ಹಾಕಿರಲಿಕ್ಕಿಲ್ಲ. ಸೆಕ್ಷನ್ 6 ತೆಗೆದು ನೋಡಿಯೇ ಹೇಳಬೇಕು. ಪುಸ್ತಕ ಮಂಚದ ಕೆಳಗಿನ ಪೆಟ್ಟಿಗೆಯಲ್ಲಿದೆ.